ಕನ್ನಡ ವಾಕ್ಯವನ್ನು ತರ್ಕದ ಚಿಹ್ನೆಗೆ ಇಳಿಸುವಾಗ ನಾನು ಅನುಸರಿಸುವ ಕ್ರಮ

ನಾನು ಮೊದಲು ಹುಡುಕುವುದು ಪದವನ್ನಲ್ಲ, ಪ್ರತ್ಯಯವನ್ನು. ‘ಮತ್ತು’, ‘ಅಥವಾ’ ಎದ್ದು ಕಾಣುತ್ತವೆ. ಆದರೆ ಕನ್ನಡದ ಮುಖ್ಯ ತಾರ್ಕಿಕ ಸಂಯೋಜಕಗಳು, ಅಂದರೆ ವಾಕ್ಯಗಳನ್ನು ಬೆಸೆಯುವ ಅಂಶಗಳು, ‘-ರೆ’, ‘-ರೂ’, ‘-ಊ’ಗಳಾಗಿ ಪದದ ಬಾಲದಲ್ಲಿ ಅಡಗಿರುತ್ತವೆ. ಆಮೇಲೆ ಸತ್ಯಕೋಷ್ಟಕ, ಅಂದರೆ ಸರಳ ವಾಕ್ಯಗಳು ನಿಜ ಅಥವಾ ಸುಳ್ಳಾಗುವ ಎಲ್ಲ ಸಾಧ್ಯತೆಗಳನ್ನೂ ಸಾಲುಸಾಲಾಗಿ ತೋರಿಸುವ ಪಟ್ಟಿ, ಬರೆದು (2 ಸರಳ ವಾಕ್ಯಕ್ಕೆ 4 ಸಾಲು, 3ಕ್ಕೆ 8) ಒಂದೇ ಪ್ರಶ್ನೆ ಕೇಳುತ್ತೇನೆ: ಯಾವ ಸಾಲಿನಲ್ಲಿ ಈ ಮಾತು ಸುಳ್ಳಾಗುತ್ತದೆ?

‘ಮಳೆ ಬಂದರೆ ಪಂದ್ಯ ನಿಲ್ಲುತ್ತದೆ’ ಸುಳ್ಳಾಗುವುದು ಮಳೆ ಬಂದೂ ಪಂದ್ಯ ನಿಲ್ಲದ ಒಂದೇ ಸಾಲಿನಲ್ಲಿ. ಆದ್ದರಿಂದ ಮ → ನ (ಮ: ಮಳೆ ಬರುತ್ತದೆ, ನ: ಪಂದ್ಯ ನಿಲ್ಲುತ್ತದೆ; ಬಾಣವನ್ನು ‘ಮ ಆದರೆ ನ’ ಎಂದು ಓದಿ). ಮಳೆಯೇ ಬರದೆ ಪಂದ್ಯ ನಿಂತರೂ ಮಾತಿಗೆ ಭಂಗವಿಲ್ಲ.

‘-ರೂ’ ಹಾಗಲ್ಲ. ‘ಮಳೆ ಬಂದರೂ ಪಂದ್ಯ ನಡೆಯುತ್ತದೆ’ ಎಂಬಲ್ಲಿ ಬಾಣ ಹಾಕಿ ಸುಮ್ಮನಾದರೆ ಅರ್ಧ ಅರ್ಥ ಕಳೆದುಹೋಗುತ್ತದೆ. ಬಂದರೂ ನಡೆಯುತ್ತದೆ, ಬರದಿದ್ದರೂ ನಡೆಯುತ್ತದೆ: (ಮ → ಪ) ∧ (¬ಮ → ಪ). ಇಲ್ಲಿ ಪ ಎಂದರೆ ಪಂದ್ಯ ನಡೆಯುತ್ತದೆ, ∧ ಎಂದರೆ ‘ಮತ್ತು’, ¬ ಎಂದರೆ ‘ಅಲ್ಲ’. ಬಿಡಿಸಿದರೆ ಉಳಿಯುವುದು ಪ ಒಂದೇ. ‘ಮಳೆ ಬಂತು, ಆದರೂ ಪಂದ್ಯ ನಡೆಯಿತು’ ಎಂದಾಗ ಎರಡೂ ಸಂಗತಿ ಘಟಿಸಿವೆ. ಅದು ಮ ∧ ಪ. ‘ಆದರೂ’ ತರುವ ಅಚ್ಚರಿಗೆ ಕೋಷ್ಟಕದಲ್ಲಿ ಜಾಗವಿಲ್ಲ.

ಹೆಚ್ಚು ತಪ್ಪಾಗುವುದು ‘ಮಾತ್ರ’ದಲ್ಲಿ. ‘ಪಾಸ್‌ವರ್ಡ್ ಕೊಟ್ಟರೆ ಮಾತ್ರ ಕಡತ ತೆರೆಯುತ್ತದೆ’ ಎಂಬುದನ್ನು ಪ → ಕ ಎಂದು ಬರೆದುಬಿಡುತ್ತಾರೆ (ಇಲ್ಲಿ ಪ: ಪಾಸ್‌ವರ್ಡ್ ಕೊಟ್ಟಿದೆ, ಕ: ಕಡತ ತೆರೆಯುತ್ತದೆ). ಪಾಸ್‌ವರ್ಡ್ ಕೊಟ್ಟೂ ಕಡತ ಕೆಟ್ಟು ತೆರೆಯದಿದ್ದರೆ ಮಾತು ಸುಳ್ಳಾಗದು. ಕೊಡದೆಯೇ ತೆರೆದರೆ ಸುಳ್ಳು. ಬಾಣ ತಿರುಗಬೇಕು: ಕ → ಪ. ‘ಪಾಸ್‌ವರ್ಡ್ ಕೊಡದ ಹೊರತು ಕಡತ ತೆರೆಯದು’ ಎಂದರೂ ಇದೇ. ಆದರೆ ‘ಕೊಟ್ಟ ಹೊರತು ತೆರೆಯದು’ ಎಂದೂ ಅದೇ ಅರ್ಥದಲ್ಲಿ ಹೇಳುತ್ತೇವೆ. ಹೀಗಾಗಿ ‘ಹೊರತು’ ಕಂಡಲ್ಲಿ ನಿಷೇಧಗಳನ್ನು ಎಣಿಸಲು ಹೋಗಬೇಡಿ, ಸುಳ್ಳಿನ ಸಾಲನ್ನೇ ಹಿಡಿಯಿರಿ.

‘ಕೆಂಪು ದೀಪವೂ ಹಸಿರು ದೀಪವೂ ಉರಿಯುತ್ತಿಲ್ಲ’ ಎಂದರೆ ಎರಡೂ ಆರಿವೆ: ¬ಕ ∧ ¬ಹ (ಇಲ್ಲಿ ಕ: ಕೆಂಪು ದೀಪ ಉರಿಯುತ್ತಿದೆ, ಹ: ಹಸಿರು ದೀಪ ಉರಿಯುತ್ತಿದೆ). ‘ಎರಡೂ ಒಟ್ಟಿಗೆ ಉರಿಯುತ್ತಿಲ್ಲ’ ಎಂದರೆ ¬(ಕ ∧ ಹ), ಒಂದು ಉರಿಯುತ್ತಿರಬಹುದು. ಆವರಣ ಎಲ್ಲಿ ಬರಬೇಕೆಂದು ತೋರಿಸುವುದು ‘ಒಟ್ಟಿಗೆ’. ‘ಅಥವಾ’ವನ್ನು, ಸಂದರ್ಭ ಬೇರೆ ಹೇಳದಿದ್ದರೆ, ಎರಡೂ ನಿಜವಾಗಬಹುದಾದ ∨ ಎಂದೇ ಬರೆಯುತ್ತೇನೆ.

‘ಮಳೆ ಬಂದಿದ್ದರೆ ಪಂದ್ಯ ನಿಲ್ಲುತ್ತಿತ್ತು’ ಎಂಬಂಥವನ್ನು ಈ ಬಾಣಕ್ಕೆ ಇಳಿಸುವುದಿಲ್ಲ. ಮಳೆ ಬರಲಿಲ್ಲವೆಂದು ಅದೇ ಒಪ್ಪಿಕೊಂಡಿದೆ. ಪೂರ್ವಾಂಗ, ಅಂದರೆ ಬಾಣದ ಎಡಗಡೆಯ ಮಾತು, ಸುಳ್ಳಾದ ಮೇಲೆ ‘ಬಂದಿದ್ದರೆ ನಿಲ್ಲುತ್ತಿರಲಿಲ್ಲ’ ಎಂಬುದೂ ಕೋಷ್ಟಕದಲ್ಲಿ ಅಷ್ಟೇ ನಿಜವಾಗಿಬಿಡುತ್ತದೆ.