‘ಏಲಿಂಗ್’ ಕಲಿಸಲು ಹೋಗಿ ನಾನು ಕಲಿತದ್ದು

ಕನ್ನಡದ ಮೂಲಕ ಇಂಗ್ಲಿಷ್ ಪದ ಕಲಿಸಿದರೆ ಮಕ್ಕಳು ಕೆಡುತ್ತಾರೆ ಅಂತ ಜೊತೆಯ ಮೇಷ್ಟ್ರುಗಳು ನಗುತ್ತಿದ್ದರು. ಈಗ ಅವರೇ ನನ್ನ ನೋಟ್ಸ್ ಕೇಳುತ್ತಾರೆ. ಇರಲಿ.

ಮೊದಲು ನಾನೂ ಪಟ್ಟಿ ಕೊಡುತ್ತಿದ್ದವನೇ. ಸಿಕ್, ಇಲ್, ಅನ್‌ವೆಲ್, ಏಲಿಂಗ್, ಎಲ್ಲಕ್ಕೂ ಒಂದೇ ಅರ್ಥ, ‘ಹುಷಾರಿಲ್ಲ’. ಒಬ್ಬ ಹುಡುಗ ಒಂದು ದಿನದ ಜ್ವರಕ್ಕೆ ‘ಐ ಆಮ್ ಏಲಿಂಗ್’ ಅಂತ ರಜಾ ಅರ್ಜಿ ಬರೆದ. ಆಫೀಸಿನವರು ಬಹಳ ದಿನದ ಕಾಯಿಲೆ ಅಂದುಕೊಂಡು ಗಾಬರಿಯಾಗಿ ಮನೆಗೆ ಫೋನ್ ಮಾಡಿದರು. ಇನ್ನೊಬ್ಬಳು ಅದನ್ನು ‘ಹೀಲಿಂಗ್’ ಅಂತ ಓದಿ, ನರಳುತ್ತಿದ್ದ ತಾತನನ್ನು ಅನುವಾದದಲ್ಲಿ ವಾಸಿ ಮಾಡಿಬಿಟ್ಟಳು!

ನನಗೇ ಬಿದ್ದ ಪೆಟ್ಟು ಜಾಸ್ತಿ. ‘ಏಲಿಂಗ್ ಕಂಪನಿ’ ಅನ್ನುವುದನ್ನು ‘ಕಾಯಿಲೆ ಬಿದ್ದ ಕಂಪನಿ’ ಅಂತ ಅನುವಾದಿಸಿದ್ದೆ. ಸುಮಾರು 40 ಪುಟ ವಾಪಸ್ ಬಂತು, ಅರ್ಧ ಸಂಭಾವನೆ ಕೈಬಿಟ್ಟು ಹೋಯಿತು. ‘ಸೊರಗಿದ’ ಅಥವಾ ‘ಕುಂಟುತ್ತಿರುವ’ ಅಂದಿದ್ದರೆ ಸಾಕಿತ್ತು. ಆಮೇಲೆ ಪಟ್ಟಿ ಹರಿದು ಹಾಕಿದೆ.

ಈಗ ಎರಡೇ ಪ್ರಶ್ನೆ ಕೇಳಿಸುತ್ತೇನೆ. ಎಷ್ಟು ದಿನದಿಂದ? ಚೇತರಿಸಿಕೊಳ್ಳುತ್ತಿದ್ದಾರಾ? ಬಹಳ ದಿನದಿಂದ, ಸುಧಾರಿಸುವ ಲಕ್ಷಣವೂ ಕಾಣುತ್ತಿಲ್ಲ ಅಂದರೆ ಏಲಿಂಗ್. ನಿನ್ನೆಯ ನೆಗಡಿಗೆ ಅದು ಬೇಡ, ಸಿಕ್ ಸಾಕು. ಉತ್ತರ ಮೊದಲು ಕನ್ನಡದಲ್ಲೇ ಬರಬೇಕು. ಯಾವ ಕ್ರಮದಲ್ಲಿ ಕೇಳಬೇಕು, ನಡುವೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ಹಿಂದಿನ ಬ್ಯಾಚ್‌ನಲ್ಲಿ 30 ಜನರಲ್ಲಿ ಹತ್ತೋ ಹನ್ನೆರಡೋ ಜನ ಸರಿ ಬರೆದಿದ್ದರು. ಈ ಸಲ 25 ದಾಟಿತ್ತು.

ಸುಮ್ನೆ ಇರಲಾರದೆ ಪಕ್ಕದ ಪದಗಳಿಗೂ ಕೈ ಹಾಕಿದೆ. ‘ಸಿಕ್ ಚೈಲ್ಡ್’ ಸಲೀಸು, ‘ಇಲ್ ಚೈಲ್ಡ್’ ಕಿವಿಗೆ ಒರಟು. ‘ದಿ ಚೈಲ್ಡ್ ಈಸ್ ಇಲ್’ ಅಂದರೆ ಮತ್ತೆ ಸರಿ. ಬ್ರಿಟಿಷರು ‘ಹಿ ವಾಸ್ ಸಿಕ್’ ಅಂದರೆ ವಾಂತಿ ಮಾಡಿಕೊಂಡ ಅಂತಲೇ ಅರ್ಥ ಇರಬಹುದು. ತಮಾಷೆ ಅಂದರೆ ‘ಏಲ್‌ಮೆಂಟ್’. ಏಲಿಂಗ್ ಇಷ್ಟು ಗಂಭೀರ, ಅದರ ಮನೆಯದೇ ಆದ ಏಲ್‌ಮೆಂಟ್ ಮಾತ್ರ ಸಾಮಾನ್ಯವಾಗಿ ಸಣ್ಣಪುಟ್ಟ ತೊಂದರೆ! ಇದನ್ನು ಮೊದಲೇ ಹೇಳಿದರೆ ತರಗತಿ ಗೊಂದಲಕ್ಕೆ ಬೀಳುತ್ತದೆ. ನಾನು ಒಂದು ವಾರ ಬಿಟ್ಟೇ ತೆಗೆಯುತ್ತೇನೆ.

‘ಪೂರ್ಲಿ’ ಹತ್ತಿರ ಮಾತ್ರ ಇನ್ನೂ ಸೋಲುತ್ತಿದ್ದೇನೆ. ‘ಶಿ ಈಸ್ ಪೂರ್ಲಿ’ ಅಂದರೆ ಬ್ರಿಟಿಷರಿಗೆ ಅವಳಿಗೆ ಹುಷಾರಿಲ್ಲ ಅಂತ. ನನ್ನ ಕ್ಲಾಸಿನಲ್ಲಿ ಅವಳು ಪ್ರತಿ ಸಲವೂ ಬಡವಿಯಾಗುತ್ತಾಳೆ.