ರಮ್‌ಗೆ ಪಾನಕದ ಮಸಾಲೆ: ನಾನು ಮನೆಯಲ್ಲಿ ಮಾಡುವ ಕ್ರಮ

ಎಲ್ಲ ಮಸಾಲೆಯನ್ನೂ ಒಟ್ಟಿಗೇ ಹಾಕಿ ಕುದಿಸಿದರೆ ಏಲಕ್ಕಿಯ ಘಮ ಹಬೆಯ ಜೊತೆ ಹೋಗಿಬಿಡುತ್ತದೆ, ಲವಂಗದ ಒಗರು ಮಾತ್ರ ನಾಲಿಗೆಯಲ್ಲಿ ಕೂರುತ್ತದೆ. ಅದಕ್ಕೇ ರಮ್‌ಗೆ ಬೆರೆಸುವ ಬೆಲ್ಲದ ಸಿರಪ್ಪನ್ನು ನಾನು ಎರಡು ಹಂತದಲ್ಲಿ ಮಾಡುತ್ತೇನೆ. ಲವಂಗ ಹಾಕುವುದೇ ಇಲ್ಲ. ಬೆಲ್ಲ, ಒಣಶುಂಠಿ, ಕಾಳುಮೆಣಸು, ಏಲಕ್ಕಿ, ನಿಂಬೆ ಅಂದರೆ ಪಾನಕದ ಸಾಮಾನೇ. ಇದಕ್ಕೆ ಡಾರ್ಕ್ ರಮ್ ಚೆನ್ನಾಗಿ ಹೊಂದುತ್ತದೆ. ಅದೂ ಕಬ್ಬಿನ ಕಾಕಂಬಿಯಿಂದ ಬಂದದ್ದೇ ತಾನೇ.

250 ಎಂಎಲ್ ನೀರಿಗೆ 5 ಗ್ರಾಂ ಒಣಶುಂಠಿ ಮತ್ತು 10 ಕಾಳುಮೆಣಸನ್ನು ಜಜ್ಜಿ ಹಾಕಿ ಸಣ್ಣ ಉರಿಯಲ್ಲಿ 10 ನಿಮಿಷ ಕುದಿಸಿ. ಇವೆರಡರ ಖಾರ ನೀರಿಗಿಳಿಯಲು ಅಷ್ಟು ಹೊತ್ತು ಬೇಕು. ನೀರು ಸುಮಾರು 200 ಎಂಎಲ್‌ಗೆ ಇಳಿದಾಗ 200 ಗ್ರಾಂ ಕಪ್ಪು ಬೆಲ್ಲ ಪುಡಿಮಾಡಿ ಹಾಕಿ, ಕರಗಿದ ಕೂಡಲೇ ಉರಿ ಆರಿಸಿ. ಎಳೆಪಾಕ ಬರುವವರೆಗೆ ಕಾಯಿಸಬೇಡಿ, ಆಮೇಲೆ ಅದು ಐಸ್‌ಗೆ ತಾಗಿ ಗಟ್ಟಿಯಾಗಿ ತಳಕ್ಕೆ ಅಂಟಿಕೊಳ್ಳುತ್ತದೆ. ಬೆಲ್ಲವನ್ನು ಮೊದಲೇ ಸ್ವಲ್ಪ ನಾಲಿಗೆಗೆ ಹಚ್ಚಿ ನೋಡಿ. ಕೆಲವು ಬೆಲ್ಲ ಉಪ್ಪುಪ್ಪಾಗಿರುತ್ತದೆ, ಅದು ಇದಕ್ಕೆ ಬೇಡ.

ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ. ಬೆಲ್ಲದ ಮರಳು, ಕಸ ಎಲ್ಲ ಅಲ್ಲೇ ನಿಲ್ಲುತ್ತದೆ. ಈಗ 8 ಹಸಿರು ಏಲಕ್ಕಿಯನ್ನು ಸಿಪ್ಪೆ ಸಮೇತ ಒಡೆದು ಹಾಕಿ, ತಟ್ಟೆ ಮುಚ್ಚಿ 20 ನಿಮಿಷ ಬಿಡಿ. ತಟ್ಟೆ ತೆಗೆದಾಗ ಅದರ ಒಳಮೈಯಲ್ಲಿ ಹನಿಗಟ್ಟಿರುತ್ತದಲ್ಲ, ಆ ಹನಿಗಳಲ್ಲೂ ಘಮ ಇರುತ್ತದೆ, ಅವನ್ನು ಪಾತ್ರೆಗೇ ಒದರಿ. ಮತ್ತೊಮ್ಮೆ ಸೋಸಿ. ರಾತ್ರಿಯಿಡೀ ಸಿಪ್ಪೆ ನೆನೆದರೆ ಕಹಿ ಬಿಡುತ್ತದೆ. ಅಂಗಡಿಯ ಮಸಾಲೆ ಪುಡಿ ಬಳಸಬೇಡಿ, ಎಷ್ಟು ಸೋಸಿದರೂ ಗಂಟಲಿಗೆ ಮಡ್ಡಿ ಸಿಗುತ್ತದೆ. ಸುಮಾರು 300 ಎಂಎಲ್ ಸಿರಪ್ ಸಿಗುತ್ತದೆ. ತೊಳೆದು ಒಣಗಿಸಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ, ಹತ್ತು ದಿನ ಇಡಬಹುದು. ಗುಳ್ಳೆ ಎದ್ದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಒಬ್ಬರಿಗೆ ಅಳತೆ: ರಮ್ 60 ಎಂಎಲ್, ಪೂರ್ತಿ ತಣ್ಣಗಾದ ಸಿರಪ್ 25, ನಿಂಬೆರಸ 20, ಒಂದು ಚಿಟಿಕೆ ಕಲ್ಲುಪ್ಪು. ನಿಂಬೆ ಆಗಷ್ಟೇ ಹಿಂಡಿದ್ದಾಗಿರಬೇಕು. ಸಿಪ್ಪೆಯನ್ನು ಕೊನೆಯವರೆಗೂ ಹಿಸುಕಿದರೆ ಕಹಿ ಇಳಿಯುತ್ತದೆ. ಉಪ್ಪನ್ನು ಬಿಡಬೇಡಿ, ಬೆಲ್ಲದ ಮಂಕುಸಿಹಿ ಅದರಿಂದಲೇ ಚುರುಕಾಗುವುದು.

ಪಾನೀಯ ಕುಲುಕುವ ಶೇಕರ್ ಇಲ್ಲದಿದ್ದರೆ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿ ಸಾಕು. ಇವೆಲ್ಲವನ್ನೂ ಅದಕ್ಕೆ ಹಾಕಿ, ಮುಕ್ಕಾಲು ಭಾಗ ಐಸ್ ತುಂಬಿ. ಕಡಿಮೆ ಹಾಕಿದರೆ ಪಾನೀಯ ತಣ್ಣಗಾಗುವ ಮೊದಲೇ ಐಸ್ ಕರಗಿ ಎಲ್ಲ ನೀರಾಗುತ್ತದೆ. ಜೋರಾಗಿ 12ರಿಂದ 15 ಸೆಕೆಂಡು ಕುಲುಕಿ. ಡಬ್ಬಿಯ ಹೊರಮೈ ಮಂಜುಗಟ್ಟಿ, ಹಿಡಿದ ಕೈ ಜೋಮು ಹಿಡಿಯುವಂತಾದರೆ ಹದ ಬಂದಿದೆ ಎಂದರ್ಥ. ಟೀ ಜರಡಿಯಲ್ಲಿ ಸೋಸಿ, ಬಟ್ಟಲಲ್ಲಿ ಕಟ್ಟಿಸಿದ ಒಂದೇ ದೊಡ್ಡ ಐಸ್ ಇರುವ ಗ್ಲಾಸಿಗೆ ಹುಯ್ಯಿರಿ.

ಖಾರ ಹೆಚ್ಚಾಯಿತು ಅನ್ನಿಸಿದರೆ ಸಿರಪ್ ಸೇರಿಸಬೇಡಿ, ಅದರಲ್ಲೇ ಖಾರ ಇರುವುದು. 60 ಎಂಎಲ್ ತಣ್ಣನೆಯ ಸೋಡಾ ಹಾಕಿ. ಸೋಡಾವನ್ನು ಡಬ್ಬಿಯೊಳಗೆ ಹಾಕಿ ಕುಲುಕಿದರೆ ಮುಚ್ಚಳ ಹಾರುತ್ತದೆ, ಹಾಗಾಗಿ ಗ್ಲಾಸಿಗೇ, ಕೊನೆಯಲ್ಲಿ.