ವಿಮಾನದ ದೂರ, ಪ್ರಯಾಣದ ಹೊತ್ತು: ಹೊಸಬರಿಗೆ ಮಾರ್ಗದರ್ಶಿ

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಾತು ಬಂತೆಂದರೆ ಎಲ್ಲರೂ ಮೊದಲು ಕೇಳುವುದು ‘ಫ್ಲೈಟು ಎಷ್ಟು ಗಂಟೆ?’ ಅಂತ. ಸರಿಯಾದ ಪ್ರಶ್ನೆ ‘ಮನೆಯಿಂದ ಮನೆಗೆ ಎಷ್ಟು ಗಂಟೆ?’

ದೂರ

ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ಯಾವ ಎರಡು ಊರಿನ ನಡುವೆಯೂ 20,000 ಕಿ.ಮೀ.ಗಿಂತ ಜಾಸ್ತಿ ನೇರ ದೂರ ಇರುವುದಿಲ್ಲ. ದೊಡ್ಡ ವಿಮಾನ ಗಂಟೆಗೆ 900 ಕಿ.ಮೀ. ಆಸುಪಾಸು ಹಾರುತ್ತದೆ. ದೂರವನ್ನು ಅದರಿಂದ ಭಾಗಿಸಿ, ಏರಿಳಿಯುವುದಕ್ಕೆ ಒಂದು ಗಂಟೆ ಸೇರಿಸಿದರೆ ಅಂದಾಜು ಸಿಕ್ಕಿತು. ಸಿಂಗಾಪುರದಿಂದ ನ್ಯೂಯಾರ್ಕ್‌ಗೆ ಸುಮಾರು 15,300 ಕಿ.ಮೀ.; ಎಲ್ಲೂ ನಿಲ್ಲದೆ ಹೋದರೂ 18 ಗಂಟೆ ದಾಟುತ್ತದೆ.

ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಗ್ಲೋಬಿನ ಮೇಲೆ ದಾರ ಎಳೆದು ನೋಡಿ, ಭಾರತದಿಂದ ಅಮೆರಿಕಕ್ಕೆ ಹೋಗುವ ವಿಮಾನ ಉತ್ತರಕ್ಕೆ ಯಾಕೆ ಬಾಗುತ್ತದೆ ಅಂತ ತಿಳಿಯುತ್ತದೆ.

ಹೋಗುವ ಹೊತ್ತೇ ಬರುವುದಕ್ಕೂ ಅಲ್ಲ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಲಂಡನ್‌ನಿಂದ ನ್ಯೂಯಾರ್ಕ್‌ಗೆ 8 ಗಂಟೆ ಆದರೆ ವಾಪಸ್ ಬರಲು 7 ಸಾಕು. 2022ರಲ್ಲಿ ರಷ್ಯಾದ ಆಕಾಶ ಬ್ರಿಟನ್ನಿನ ವಿಮಾನಗಳಿಗೆ ಮುಚ್ಚಿದ ಮೇಲೆ ಲಂಡನ್–ಟೋಕಿಯೊ ಹಾರಾಟ ಎರಡು ಗಂಟೆಗೂ ಹೆಚ್ಚು ಉದ್ದವಾಯಿತು. ಊರುಗಳು ಇದ್ದಲ್ಲೇ ಇವೆ, ದಾರಿ ಮಾತ್ರ ಸುತ್ತು.

ಟಿಕೆಟ್ಟಿನ ಸಮಯ

ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಒಂದರಿಂದ ಇನ್ನೊಂದನ್ನು ಕಳೆದು ಕೂರಬೇಡಿ. ಜನವರಿಯಲ್ಲಿ ಸಿಡ್ನಿಯಲ್ಲಿ ಸೋಮವಾರ ಬೆಳಿಗ್ಗೆ 10ಕ್ಕೆ ಹತ್ತಿದವರು ಹದಿಮೂರೂವರೆ ಗಂಟೆ ಹಾರಿ ಲಾಸ್ ಏಂಜಲೀಸ್‌ನಲ್ಲಿ ಅದೇ ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಇಳಿಯುತ್ತಾರೆ! ತಲುಪುವ ಸಮಯದ ಪಕ್ಕ ‘+1’ ಎಂದಿದ್ದರೆ ಇಳಿಯುವುದು ಮರುದಿನ. ಅದನ್ನು ನೋಡದೆ ಒಂದು ದಿನ ಮೊದಲೇ ಏರ್‌ಪೋರ್ಟಿಗೆ ಕಾರು ಕೇಳುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ದಯವಿಟ್ಟು ಓದಿ.

ನಡುವಿನ ನಿಲ್ದಾಣ

ಇದನ್ನು ಎರಡು ಸಲ ಓದಿ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಳ್ಳಬೇಡಿ. ಒಂದೇ ಬುಕಿಂಗ್ ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಆದರೆ ಹೊಸ ಟಿಕೆಟ್ ನಿಮ್ಮದೇ ಖರ್ಚು. ಸೂಟ್‌ಕೇಸನ್ನೂ ನೀವೇ ಇಳಿಸಿಕೊಂಡು ಮತ್ತೆ ಚೆಕ್ ಇನ್ ಮಾಡಬೇಕಾಗಬಹುದು. ಅದಕ್ಕೆ ಆ ದೇಶದೊಳಗೆ ಹೋಗಬೇಕು, ಅಂದರೆ ವೀಸಾ ಬೇಕಾದೀತು. ನಮ್ಮ ಮನೆಯ ಹಿರಿಯರನ್ನು ಒಂದು ಕೌಂಟರಿನವರು ಇನ್ನೊಂದಕ್ಕೆ, ಅವರು ಮತ್ತೊಂದಕ್ಕೆ ಕಳಿಸಿ ರಾತ್ರಿಯಿಡೀ ಕುರ್ಚಿಯಲ್ಲೇ ಕೂರಿಸಿದರು. ಭಾಷೆ ಬಾರದವರು ಯಾರನ್ನು ಕೇಳಬೇಕು, ಹೇಳಿ?

ಅಮೆರಿಕಕ್ಕೆ ಬರುವವರು ಗಮನಿಸಿ: ಒಂದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಇಮಿಗ್ರೇಶನ್ ಮುಗಿಸಿ, ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ಮಕ್ಕಳು, ವಯಸ್ಸಾದವರು ಇದ್ದರೆ ನಡುವೆ ಮೂರು ಗಂಟೆಯಾದರೂ ಇರಲಿ. ವೀಲ್‌ಚೇರ್ ಕೇಳಲು ಸಂಕೋಚ ಬೇಡ. ಬುಕ್ ಮಾಡುವಾಗಲೇ ಹೇಳಿ.

ಕೈಚೀಲದಲ್ಲಿ ಇರಲಿ

– ಮಾತ್ರೆ, ವೈದ್ಯರ ಚೀಟಿ
– ನಿಮ್ಮ ವಿಳಾಸ, ಫೋನ್ ನಂಬರು, ಕಾಗದದ ಮೇಲೆ
– ಪೆನ್ನು
– ಸ್ವೆಟರ್